ಬೀಗದ ಮಾಮನ ಅನುಮಾನ

ಬೀದಿಯ ಬೀಗಗಳನ್ನೆಲ್ಲ ರಿಪೇರಿ ಮಾಡುವ ಬೀಗದ ಮಾಮನಿಗೆ ತಮ್ಮ ಅಂಗಡಿಯ ಬೀಗದ ಮೇಲೇ ನಂಬಿಕೆಯಿಲ್ಲ. ಹಾಕಿ ಎಳೆಯುತ್ತಾರೆ, ಬೀದಿ ತುದಿಗೆ ಹೋಗಿ ಮತ್ತೆ ಬಂದು ಎಳೆಯುತ್ತಾರೆ. ಯೇಸು ಕೊಡುವ ರಕ್ಷಣೆಯ ವಿಷಯದಲ್ಲೂ ಅದೇ ಕಥೆ. ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದದ್ದೇ ತಡ, ಪಾದ್ರಿಗಳಿಗೆ ಅಡ್ಡ ನಿಲ್ಲುತ್ತಾರೆ: "ಅಯ್ನೋರೇ, ಯೇಸು ಒಂದ್ಸಲ ಕಾಪಾಡಿದ್ರೆ ಮುಗೀತಾ, ಇಲ್ಲಾ ಕೊನೇತನಕ ನಾವೇ ಗಟ್ಟಿಯಾಗಿ ಹಿಡ್ಕೊಂಡಿರ್ಬೇಕಾ?" "ಎರಡೂ ನಿಜ, ಮಾಮ." "ಎರಡೂ ಅಂದ್ರೆ ತಲೆ ಗಿರ್ರನ್ನುತ್ತೆ, ಒಂದು ಹೇಳಿ!" ಎಲ್ಲರೂ ನಗುತ್ತಾರೆ. ಆದರೆ ಮಾಮ ಕೇಳುವುದು ತಮಗಾಗಿ ಅಲ್ಲ. ಮರೆವಿನ ಕಾಯಿಲೆಯ ಹೆಂಡತಿಗೆ ಈಗ ಪ್ರಾರ್ಥನೆಯೂ ನೆನಪಿಲ್ಲ, ಯೇಸು ಯಾರೆಂದೂ ನೆನಪಿಲ್ಲ. ಒಂದು ದಿನ ರಸ್ತೆ ದಾಟುವಾಗ ಆಕೆ ಮಾಮನ ಹಿಡಿತದಿಂದ ಕೈ ಕೊಸರಿಕೊಳ್ಳುತ್ತಾರೆ. "ನೀನು ಬಿಟ್ರೇನು ಕಣೇ, ನಾನು ಹಿಡ್ಕೊಂಡಿದೀನಲ್ಲ!" ಎಂದು ಗದರಿದ ಮಾಮ ನಡುರಸ್ತೆಯಲ್ಲೇ ನಿಂತುಬಿಡುತ್ತಾರೆ. ಹಾರನ್‌ಗಳು ಅರಚುತ್ತವೆ. "ಅಂದ್ರೆ... ಯೇಸುನೂ ಹಿಂಗೇನಾ?" ಪಾಪ, ಮುಂದಿನ ಭಾನುವಾರ ಪಾದ್ರಿಗಳಿಗೆ ಬಿಡುಗಡೆಯಿಲ್ಲ.