ಕೊನೆಯ ಮನೆಯ ಬಕೆಟ್

ಜನವರಿ 9, ಬೆಳಿಗ್ಗೆ 6:40ಕ್ಕೆ ಬರೆಯಲು ಕುಳಿತೆ.

ಕಳೆದ ಚಳಿಗಾಲ ವಡೋದರಾದ ಒಂದು ಕಾಲೊನಿಯಲ್ಲಿ ನನ್ನ ಸಂಶೋಧನೆ ನಡೆದಿತ್ತು. ಅಲ್ಲಿ ಒಂದೇ ಬಾಯ್ಲರ್‌ನಿಂದ ಎಲ್ಲ ಮನೆಗಳಿಗೂ ಪೈಪಿನಲ್ಲಿ ಬಿಸಿನೀರು ಹೋಗುತ್ತಿತ್ತು. ಕೊನೆಯ ಮನೆ ತಲುಪುವಷ್ಟರಲ್ಲಿ ಅದು ಎಷ್ಟು ಆರುತ್ತದೆ ಎಂಬುದೇ ನನ್ನ ಪ್ರಶ್ನೆ. ಆ ಮನೆಯಲ್ಲಿದ್ದ ಧಾರವಾಡದ ಅಜ್ಜಿ ನಾನು ಹೋಗುವ ಮೊದಲೇ ಬಕೆಟ್ ತುಂಬಿಸಿಟ್ಟಿರುತ್ತಿದ್ದರು.

“ಬಾರವ್ವಾ ಡಾಕ್ಟರ್, ನೀರಿಗೆ ಜ್ವರ ಎಷ್ಟದ ನೋಡು!”

ನಾನು ನಗುತ್ತ ಥರ್ಮಾಮೀಟರ್ ಅದ್ದುತ್ತಿದ್ದೆ. ಮೂವತ್ತೊಂದು ಬೆಳಗು, ಮೂವತ್ತೊಂದು ಅಂಕಿ. ಕೊನೆಯ ಮನೆಯಲ್ಲೂ ನೀರು ಸಾಕಷ್ಟು ಬಿಸಿಯಿದೆ, ಪೈಪಿಗೆ ಶಾಖ ಹಿಡಿದಿಡುವ ಹೊಸ ಹೊದಿಕೆ ಬೇಕಿಲ್ಲವೆಂದು ವರದಿ ಕೊಟ್ಟೆ.

ನವೆಂಬರಿನಲ್ಲಿ ಅಜ್ಜಿ ತೀರಿಕೊಂಡರು. ಮನೆಯವರನ್ನು ಮಾತನಾಡಿಸಲು ಹೋದಾಗ ಸೊಸೆ ಹೇಳಿದರು: “ನೀ ಬರೂ ಮೊದಲ ಗ್ಯಾಸ್ ಮ್ಯಾಲ ನೀರ ಕಾಸಿ ಬಕೆಟ್‌ನ್ಯಾಗ ಬೆರಸ್ತಿದ್ರು. ಹುಡುಗಿ ಪರೀಕ್ಷಾ ಕೆಡಬಾರ್ದು ಅಂತಿದ್ರು. ನೀ ಹೋದ ಮ್ಯಾಲ ಆ ನೀರು ನಮ್ಮ ಸ್ನಾನಕ್ಕ. ತಾವು ಮಾತ್ರ ಬಿಸಿನೀರ ನಳದಾಗ ಬರೂ ತಣ್ಣೀರೇ ಹಾಕ್ಕೊಳ್ಳೋರು.”

ನಳದ ಬಾಯಲ್ಲೇ ಅಳೆಯಬೇಕಿತ್ತು. ಒಂದು ದಿನವೂ ಅಳೆಯಲಿಲ್ಲ. ಮೂವತ್ತೊಂದನ್ನೂ ಇವತ್ತು ಹೊಡೆದುಹಾಕಿದೆ. ವರದಿ ತಪ್ಪೆಂದು ಪತ್ರ ಬರೆದಿಟ್ಟಿದ್ದೇನೆ, ಆದರೆ ಕಳೆದ ಚಳಿಗಾಲದ ಸರಿಯಾದ ಅಂಕಿ ನನ್ನ ಬಳಿಯಿಲ್ಲ. ಆ ಕಾಲೊನಿಯ ಕೊನೆಯ ಸಾಲಿನ ಮನೆಗಳಲ್ಲಿ ವಾಸವಿದ್ದವರು ಯಾರಾದರೂ ಇದನ್ನು ಓದಿದರೆ, ಆ ಚಳಿಗಾಲದ ಬೆಳಗುಗಳಲ್ಲಿ ನಿಮ್ಮ ನಳದಲ್ಲಿ ಎಂಥ ನೀರು ಬರುತ್ತಿತ್ತೆಂದು ದಯವಿಟ್ಟು ನನಗೆ ಬರೆಯಿರಿ.