ಹುಳು ಮನೆಗೆ ಹೊಡೆಯೋ ನೀರು

ಸಾದಲಿ ಕಡೆಯ ನಮ್ಮೂರಲ್ಲಿ ರೇಷ್ಮೆ ಹುಳ ಮೇಯಿಸೋ ಮನೆಯೊಳಕ್ಕೆ ಹೊರಗಿನವರನ್ನ ಬಿಡಲ್ಲ. ಅವರ ಕಾಲಲ್ಲಿ ರೋಗ ಬಂದು ಹುಳ ಸಾಯ್ತವೆ ಅಂತ. ಹೊಸ ಹುಳ ತಂದು ಬಿಡೋಕೆ ಮುಂಚೆ ಆ ಮನೆಗೆ ಮೂಲೆ ಮೂಲೆಗೂ ಬ್ಲೀಚಿಂಗ್ ನೀರು ಹೊಡೀತಾರೆ. ಅದಕ್ಕೇ ಕೊರೋನಾ ಬಂದಾಗ ನಮ್ಮೋರಿಗೆ ಯಾರೂ ಬುದ್ಧಿ ಹೇಳಬೇಕಾಗ್ಲಿಲ್ಲ. ದಾರಿಗೆ ಜಾಲಿ ಮುಳ್ಳು ಎಳೆದು, "ಇನ್ಮೇಲೆ ಊರೂ ಹುಳು ಮನೆ ಇದ್ದಂಗೆ" ಅಂದ್ಬಿಟ್ಟರು. ಅಂದೋನು ನಮ್ಮ ಸ್ವಂತ ದೊಡ್ಡಪ್ಪ. ಟೀವಿಯವರಿಗಿಂತ ಒಂದು ಕೈ ಮೇಲೆ.

ಆ ಲಾಕ್‌ಡೌನಲ್ಲೇ ನಮ್ಮಮ್ಮ ಹೋದಳು. ಕೊರೋನಾ ಅಲ್ಲ, ಲಕ್ವ ಹೊಡೆದು ಮಲಗಿದ್ದೋಳು. ಗೌರಿಬಿದನೂರಿಗೆ ಕೊಟ್ಟಿದ್ದ ತಂಗಿಗೆ ಫೋನ್ ಮಾಡಿದೆ. "ಅಕ್ಕ, ನಾನು ಬರೋ ತಂಕ ಇಟ್ಕೊಂಡಿರಿ, ಒಂದ್ಸಲ ಅಮ್ಮನ ಮುಖ ನೋಡ್ಬೇಕು" ಅಂದಳು. ಅವಳು ಕೇಳಿದ್ದು ಅಷ್ಟೇ. ಸ್ಕೂಟಿ ಹತ್ತಿ ಒಬ್ಬಳೇ ಬಂದಳು. ಮಂಚೇನಹಳ್ಳಿಯಲ್ಲಿ ಪೊಲೀಸರು ಲಾಠಿ ಎತ್ತಿದರಂತೆ, ಸಾವು ಅಂದಮೇಲೆ ಬಿಟ್ಟರಂತೆ. ಚಿಕ್ಕಬಳ್ಳಾಪುರದಲ್ಲೂ ಬಿಟ್ಟರಂತೆ. ಲಾಠಿ ಹಿಡಿದೋರಿಗಿದ್ದ ಕರುಳು ನಮ್ಮೋರಿಗೆ ಇರಲಿಲ್ಲ ನೋಡಿ.

ಮುಳ್ಳಿನ ಹತ್ರ ದೊಡ್ಡಪ್ಪ "ಆಗಮ್ಮಾ, ಆಗು!" ಅಂತ ಕೂಗಿದ. ನಿಲ್ಲು ಅನ್ನೋಕೆ ಕೋಪದಲ್ಲಿ ಅವನ ಬಾಯಿಗೆ ತೆಲುಗೇ ಬರೋದು. ಬೆನ್ನ ಮೇಲೆ ಔಷಧಿ ಪಂಪು, ಒಳಗೆ ಹುಳು ಮನೆಗೆ ಅಂತ ಕಲಸಿದ್ದ ಅದೇ ನೀರು.

"ದೊಡ್ಡಪ್ಪಾ, ಅದು ಗೋಡೆಗೆ ಹೊಡೆಯೋದು, ಮನುಷ್ಯರಿಗಲ್ಲ!" ಕಿರುಚ್ಕೊಂಡು ಓಡಿದೆ.

"ನೀನು ಸುಮ್ನಿರೇ. ಇವಳೊಬ್ಬಳಿಂದ ಊರೆಲ್ಲ ಸಾಯ್ಬೇಕಾ?"

ಸುತ್ತ ನಿಂತಿದ್ದ ಜನ ಹೂಂಗುಟ್ಟಿದರು, ಅವರ ಬಾಯಿಗೆ ಮಣ್ಣು ಹಾಕ. ತಲೆಯಿಂದ ಕಾಲಿನವರೆಗೂ ಹೊಡೆದ. ಹೊಡೆಸ್ಕೊಂಡ್ರೆ ಒಳಕ್ಕೆ ಬಿಡ್ತಾರೆ ಅಂತ ನನ್ನ ತಂಗಿ ಕೈ ಕೂಡ ಅಡ್ಡ ಹಿಡೀಲಿಲ್ಲ. "ಸಾಕು ಬಿಡು ದೊಡ್ಡಪ್ಪಾ" ಅಂತ ಮುಖ ಎತ್ತಿದಾಗ ಸರಿಯಾಗಿ ಕಣ್ಣಿಗೇ ಬಿತ್ತು.

ಆಮೇಲೆ ಬಿಟ್ಟರು, ಧರ್ಮಾತ್ಮರು! ಹೆಣ ಮುಟ್ಟಂಗಿಲ್ಲ, ಹತ್ರ ಹೋಗಂಗಿಲ್ಲ, ದೂರದಿಂದ ನೋಡ್ಕೊಂಡು ವಾಪಸ್ ಹೋಗ್ಬೇಕು ಅಂದರು. ನಾನು ಬಿಂದಿಗೆಗಟ್ಟಲೆ ನೀರು ಹುಯ್ದು ಅವಳ ಕಣ್ಣು ತೊಳೆದೆ. ರೆಪ್ಪೆ ಊದಿ ಅಂಟ್ಕೊಂಡೇ ಇತ್ತು, ಬಿಡಿಸೋಕೆ ಹೋದ್ರೆ ಪ್ರಾಣ ಹೋದಂಗೆ ಅರಚ್ತಿದ್ದಳು.

ಅಂಗಳದಲ್ಲಿ ಅಮ್ಮನ ಎದುರಿಗೆ ನಿಲ್ಲಿಸಿದೆ.

"ಅಕ್ಕ, ಯಾವ ಸೀರೆ ಉಡ್ಸಿದೀರ?"

"ನೀನು ತಂದ್ಕೊಟ್ಟಿದ್ಯಲ್ಲ, ಆ ಹಸಿರುದು ಕಣೇ."

"ಲಕ್ವಕ್ಕೆ ಬಾಯಿ ಸೊಟ್ಟಗಾಗಿತ್ತಲ್ಲ, ಈಗ ಸರಿಯಾಗಿದೆಯಾ?"

"ಹೂಂ ಕಣೇ, ಸರಿಯಾಗಿದೆ."

ಇನ್ನೇನೋ ಕೇಳೋಕೆ ಬಾಯಿ ತೆಗೆದಳು. ಹಿಂದಿನಿಂದ ದೊಡ್ಡಪ್ಪ, "ನೋಡಿದ್ದಾಯ್ತಲ್ಲಮ್ಮ, ಹೊರಡು" ಅಂದ.