ಬಾಸಿಲಿಯೊನ ಕತ್ತಿ ಬಿದ್ದ ವರ್ಷ

ಸಾನ್ ತೆಲ್ಮೊದ ಚುಟ್ಟಾ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ಎಲೆ ಸುತ್ತಿದ ಬಾಸಿಲಿಯೊ ಬೇಸ್‌ಬಾಲ್ ವಿಷಯದಲ್ಲಿ ಒಂದೇ ಒಂದು ಸಲವೂ ತಪ್ಪು ಹೇಳಿದವನಲ್ಲ. ಹಾಗಂತ ಅವನೇ ಹೇಳುತ್ತಿದ್ದ. ಪ್ರಾಂತ್ಯದ ತಂಡ ಗೆದ್ದರೆ ‘ನಾನು ಮೊದಲೇ ಹೇಳಲಿಲ್ಲವೇ’, ಸೋತರೆ ‘ನನ್ನ ಮಾತು ಕೇಳಿದ್ದರೆ ತಾನೇ’. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಆದರೆ ಆ ಮೊಲವನ್ನು ಅವನಷ್ಟು ಬಲ್ಲವರು ಊರಲ್ಲಿ ಯಾರೂ ಇರಲಿಲ್ಲ ಎನ್ನುವುದೂ ನಿಜ. ಮೂವತ್ತು ವರ್ಷದ ಹಿಂದಿನ ಯಾವುದೋ ಮಂಗಳವಾರದ ಪಂದ್ಯದಲ್ಲಿ ಮೂರನೇ ಬೇಸಿನವನು ಎಷ್ಟು ಚೆಂಡು ಬಿಟ್ಟ ಎಂದು ಕೇಳಿದರೆ, ಎಲೆಯಿಂದ ಕಣ್ಣೆತ್ತದೆ ಹೇಳಿಬಿಡುತ್ತಿದ್ದ. ಇಷ್ಟಾಗಿಯೂ ಅವನು ಮೈದಾನಕ್ಕೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಅವನ ಬೇಸ್‌ಬಾಲ್ ಎಲ್ಲ ರೇಡಿಯೊದ್ದು, ಪತ್ರಿಕೆಯದ್ದು.

ಪತ್ರಿಕೆಯನ್ನು ಅವನು ಓದುತ್ತಿರಲಿಲ್ಲ, ಕೇಳುತ್ತಿದ್ದ. ಕಾರ್ಖಾನೆಯ ಉದ್ದನೆಯ ಹಜಾರದಲ್ಲಿ ನೂರಿಪ್ಪತ್ತು ಜನ ಸಾಲಾಗಿ ಕೂತು ಸುತ್ತುತ್ತಿದ್ದರೆ, ಎದುರಿನ ಕಟ್ಟೆಯ ಮೇಲೆ ಕೂತು ಸೊಲೆದಾದ್ ಓದುತ್ತಿದ್ದಳು. ಅವಳ ಕೆಲಸವೇ ಅದು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಥೆ. ಓದಿದ್ದು ಹಿಡಿಸಿದರೆ ಕೆಲಸಗಾರರು ಎಲೆ ಕತ್ತರಿಸುವ ತಮ್ಮ ಹಿಡಿಯಿಲ್ಲದ ಅಗಲ ಕತ್ತಿಯಿಂದ ಹಲಗೆಯನ್ನು ಟಕಟಕ ಕುಟ್ಟುತ್ತಿದ್ದರು. ಹಿಡಿಸದಿದ್ದರೆ ಕತ್ತಿಯನ್ನು ನೆಲಕ್ಕೆ ಬಿಡುವುದು. ಅದು ತೀರಾ ಅಪರೂಪ. ಕಲ್ಲು ಹಾಸಿನ ಮೇಲೆ ಕತ್ತಿ ಬಿದ್ದ ಸದ್ದು ಕೇಳಿದರೆ ಹಜಾರವೆಲ್ಲ ತಿರುಗಿ ನೋಡುತ್ತಿತ್ತು. ಹಾಗೆ ಬಿಟ್ಟವರು ಮತ್ತೆ ಮಾತು ಹಿಂತೆಗೆದುಕೊಂಡದ್ದೂ ಇಲ್ಲ.

ಬಾಸಿಲಿಯೊನ ಎಡಗಡೆ ಇಪ್ಪತ್ತೇಳು ವರ್ಷದಿಂದ ಕೂರುತ್ತಿದ್ದವಳು ಎರ್ಮಿನಿಯ. ಅದಕ್ಕೂ ಎಷ್ಟೋ ಮೊದಲೇ, ಅವಳ ಮಗ ರೀಗೊಗೆ ದೀಕ್ಷಾಸ್ನಾನ ಆದಾಗ ಮಗುವನ್ನು ಎತ್ತಿಕೊಂಡು ನಿಂತ ಧರ್ಮತಂದೆ ಬಾಸಿಲಿಯೊ. ಅಲ್ಲಿಂದ ಅವರಿಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ, ಕಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚಿನ ಸಂಬಂಧ. ದಿನಾ ಒಂಬತ್ತಕ್ಕೆ ಎರ್ಮಿನಿಯ ಫ್ಲಾಸ್ಕ್ ತೆಗೆದು ಮೊದಲ ಲೋಟ ಕಾಫಿ ಅವನಿಗೆ ಬಗ್ಗಿಸುತ್ತಿದ್ದಳು, ಅಂಚಿನವರೆಗೆ ತುಂಬಿ. ಅವನು ಒಂದು ಹನಿ ಚೆಲ್ಲದೆ ಎತ್ತಿ ಕುಡಿಯುತ್ತಿದ್ದ. ಆ ಕೈಗಳಿಗೆ ಅಷ್ಟು ಹೆಸರು.

ರೀಗೊ ಬೆಳೆದು ಪ್ರಾಂತ್ಯದ ತಂಡದ ಎಸೆಗಾರನಾದ. ಹದಿನಾರು ವರ್ಷ ಹಸಿರಂಗಿ ತೊಟ್ಟು ಎಸೆದ. ಈಗ ಅವನಿಗೆ ಮೂವತ್ತೆಂಟು.

ಆ ವರ್ಷ ತಂಡದ ಆಯ್ಕೆಗೆ ಮುಂಚೆ ಬಾಸಿಲಿಯೊನ ಬಾಯಿಗೆ ಬಿಡುವೇ ಇರಲಿಲ್ಲ. ಹಿಂದಿನ ಸಲ ತಂಡ ಕೊನೆಯಿಂದ ಮೂರನೆಯದಾಗಿತ್ತು. ತರಬೇತುದಾರ ಬೆನಾವಿದೆಸ್ ಮೈದಾನ ಸರಿಯಿಲ್ಲ, ಬಸ್ಸು ಸರಿಯಿಲ್ಲ ಎಂದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಾಸಿಲಿಯೊ ತಳ್ಳಿಹಾಕಿದ. ಎರಡನೇ ಬೇಸಿನವನು ಬಗ್ಗುವಷ್ಟರಲ್ಲಿ ಚೆಂಡು ಬೇಲಿ ಮುಟ್ಟಿರುತ್ತದೆ, ಅವನನ್ನು ತೆಗೆಯಬೇಕು. ಎಡಗೈ ಎಸೆಗಾರರು ಇಬ್ಬರು ಸಾಲದು, ನಾಲ್ವರು ಬೇಕು. ಯೊಸ್ವಾನಿ ಎಂಬ ಇಪ್ಪತ್ತರ ಹುಡುಗನಿದ್ದಾನೆ, ಚೆಂಡು ಎಲ್ಲಿಗೆ ಹೋಗುತ್ತದೆಂದು ಅವನಿಗೇ ಗೊತ್ತಿಲ್ಲ, ಆದರೆ ಏನು ವೇಗ. ಅವನಿಗೆ ಜಾಗ ಕೊಡಬೇಕು. ಜಾಗ ಎಲ್ಲಿಂದ ಬರಬೇಕು? ಮೂವತ್ತೈದು ದಾಟಿದ ಎಸೆಗಾರರು ಮನೆಗೆ ಹೋಗಬೇಕು. ಹೀಗೆನ್ನುವಾಗ ಅವನು ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ತಂಡದಲ್ಲಿ ಮೂವತ್ತೈದು ದಾಟಿದ ಎಸೆಗಾರ ಒಬ್ಬನೇ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಎರ್ಮಿನಿಯಳಿಗೂ. ಅವಳು ನಕ್ಕು, ‘ನನ್ನ ಕಂಪಾದ್ರೆಗೆ ಅರವತ್ತೆಂಟು, ಮೊದಲು ಅವನನ್ನ ಮನೆಗೆ ಕಳಿಸಿ’ ಎನ್ನುತ್ತಿದ್ದಳು. ಹಜಾರ ನಗುತ್ತಿತ್ತು. ಬಾಸಿಲಿಯೊನೂ ನಗುತ್ತಿದ್ದ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಏಕೆಂದರೆ ಆ ವರ್ಷ ಅವನ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದ್ದವು. ಬೆಳಗಿನ ಹೊತ್ತು ಎಲೆ ಬೆರಳಿಗೆ ತಗಲಿದ್ದೇ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೇಸ್ತ್ರಿ ಅವನನ್ನು ಸುತ್ತುವ ಹಲಗೆಯಿಂದ ಎಬ್ಬಿಸಿ, ಹಿಂದಿನ ಕೋಣೆಯಲ್ಲಿ ಚುಟ್ಟಾಗಳ ಬಣ್ಣ ವಿಂಗಡಿಸುವ ಮೇಜಿಗೆ ಕೂರಿಸುತ್ತಾನೆ. ಅಲ್ಲಿ ಸೊಲೆದಾದಳ ದನಿ ಕೇಳಿಸುವುದಿಲ್ಲ.

ಪಟ್ಟಿ ಬಂದ ದಿನ ಸೊಲೆದಾದ್ ನಲವತ್ತು ಹೆಸರನ್ನೂ ನಿಧಾನವಾಗಿ ಓದಿದಳು. ಯೊಸ್ವಾನಿಯ ಹೆಸರಿಗೆ ಹಲಗೆಗಳು ಟಕಟಕ ಅಂದವು. ಕಟ್ಟಕಡೆಗೆ ರೀಗೊನ ಹೆಸರು ಬಂತು. ಎರ್ಮಿನಿಯ ಕತ್ತಿ ಎತ್ತಿದಳು. ಬಾಸಿಲಿಯೊನೂ ಕುಟ್ಟಲೆಂದೇ ಎತ್ತಿದ. ಮಾತು ಏನೇ ಇರಲಿ, ಧರ್ಮದ ಮಗನಲ್ಲವೇ. ಬೆರಳಿಗೆ ಕತ್ತಿ ಸಿಕ್ಕಿದೆ ಎಂದುಕೊಂಡ, ಸಿಕ್ಕಿರಲಿಲ್ಲ. ಅದು ಕಲ್ಲು ಹಾಸಿನ ಮೇಲೆ ಬಿದ್ದು ಠಣ್ಣೆಂದಿತು.

ನೂರಿಪ್ಪತ್ತು ತಲೆಗಳು ತಿರುಗಿದವು. ಸೊಲೆದಾದ್ ಪತ್ರಿಕೆ ಮಡಿಸಿದಳು. ‘ಜಾರಿತು’ ಎಂದರೆ ಮುಗಿಯುತ್ತಿತ್ತು. ಆದರೆ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ, ಅವನೂ ನೋಡುತ್ತಿದ್ದ. ನಲವತ್ತೊಂದು ವರ್ಷ ಸುತ್ತಿದವನ ಕೈಯಿಂದ ಕತ್ತಿ ಜಾರುವುದೇ? ನುಂಗುವಂತಿಲ್ಲ, ಉಗುಳುವಂತಿಲ್ಲ. ಬಾಸಿಲಿಯೊ ಎದೆಯುಬ್ಬಿಸಿ ಕೂತ.

“ನನ್ನ ಅಭಿಪ್ರಾಯ ಅದು,” ಅಂದ.

ಎರ್ಮಿನಿಯ ಬಗ್ಗಿ ಕತ್ತಿ ಎತ್ತಿ, ತನ್ನ ಕೆಲಸದ ಅಂಗಿಗೆ ಒರೆಸಿ, ಅವನ ಹಲಗೆಯ ಮೇಲಿಟ್ಟಳು. “ತಗೊಳ್ಳಿ, ಸೆನ್ಯೋರ್ ಬಾಸಿಲಿಯೊ,” ಎಂದಳು. ಒಂಬತ್ತು ಹೊಡೆಯಿತು. ಫ್ಲಾಸ್ಕ್ ತೆರೆಯಿತು. ಒಂದೇ ಲೋಟ ತುಂಬಿತು, ಅವಳದು.

ಸುಳ್ಳಿಗೆ ಸಾಕ್ಷಿ ಬೇಕು ನೋಡಿ. ಆಮೇಲಿನ ಐದು ತಿಂಗಳು ಬಾಸಿಲಿಯೊ ಅದನ್ನು ಕಟ್ಟುವುದರಲ್ಲೇ ಕಳೆದ. ರೀಗೊ ಎಸೆದ ಒಂದೊಂದು ಚೆಂಡಿಗೂ ಕೊಂಕು ತೆಗೆದ. ರೀಗೊ ಬಂದ ಎರಡು ಪಂದ್ಯಗಳಲ್ಲೂ ಏಟು ತಿಂದು ಹೊರಬಿದ್ದಾಗ, ಅಂಕಿಗಳನ್ನು ಗಟ್ಟಿಯಾಗಿ ಹೇಳಿದ. ಆಮೇಲೆ ರೀಗೊನನ್ನು ಆಡಿಸುವುದನ್ನೇ ನಿಲ್ಲಿಸಿದರು. ಬೆಂಚಿನಲ್ಲಿ ಕೂರಿಸಿ ಊರೂರಿಗೆ ಕರೆದೊಯ್ಯುತ್ತಿದ್ದರು. “ಬೆಂಚು ಬಿಸಿ ಮಾಡೋಕೆ ಒಬ್ಬ ಬೇಕಲ್ಲ,” ಎಂದ ಬಾಸಿಲಿಯೊ. ಅತ್ತ ಯೊಸ್ವಾನಿ ಗೆಲ್ಲತೊಡಗಿದ್ದ. ಮೊದಲೆರಡು ಪಂದ್ಯ ಚೆಂಡನ್ನು ಆಕಾಶಕ್ಕೂ ಮಣ್ಣಿಗೂ ಎಸೆದವನು, ಮೂರನೆಯದರಿಂದ ಸೂಜಿಗೆ ದಾರ ಪೋಣಿಸಿದ ಹಾಗೆ ಎಸೆಯುತ್ತಿದ್ದ. ತಂಡ ಮೇಲಕ್ಕೆ ಬಂತು. ಬಾಸಿಲಿಯೊ ಹೇಳಿದ್ದೆಲ್ಲ ನಿಜವಾಗುತ್ತಿತ್ತು. ಹಜಾರ ಅವನನ್ನು ಪ್ರವಾದಿಯ ಹಾಗೆ ನೋಡುತ್ತಿತ್ತು. ಬಾಯಿ ಮಾತ್ರ ಒಂಬತ್ತು ಗಂಟೆಗೆ ಒಣಗುತ್ತಿತ್ತು.

ಹೊಸಬರಿಗೆ ಅವನು ಆಗಲೂ ತನ್ನ ಹಳೆಯ ಪಾಠ ಒಪ್ಪಿಸುತ್ತಿದ್ದ: ತಂಡ ಅಂದರೆ ಚುಟ್ಟಾ ಇದ್ದ ಹಾಗೆ. ಜನ ನೋಡುವುದು ಮೇಲಿನ ಎಲೆಯನ್ನು, ಆದರೆ ರುಚಿ ಇರುವುದು ಕಣ್ಣಿಗೆ ಬೀಳದ ಒಳಗಿನ ಎಲೆಯಲ್ಲಿ. ಪಕ್ಕದಲ್ಲಿ ಎರ್ಮಿನಿಯ ತನ್ನ ಎಲೆ ಸುತ್ತುತ್ತಿದ್ದಳು.

ಮೊದಲ ಎಂಟರಲ್ಲಿ ಜಾಗ ಸಿಗಬೇಕಾದರೆ ಕೊನೆಯ ಪಂದ್ಯ ಗೆಲ್ಲಬೇಕಿತ್ತು. ಭಾನುವಾರ ಮಧ್ಯಾಹ್ನ ಕಾರ್ಖಾನೆಯವರು ಲಾರಿ ಮಾಡಿಕೊಂಡು ಹೊರಟರು. ಎರ್ಮಿನಿಯ ಬರಲಿಲ್ಲ, ಮಗನ ಪಂದ್ಯಕ್ಕೆ ಅವಳು ಯಾವತ್ತೂ ಹೋದವಳಲ್ಲ, ತಾಯಿ ಕಣ್ಣೇ ದೊಡ್ಡ ದೃಷ್ಟಿ ಎಂದು ಅವಳ ನಂಬಿಕೆ. ಬಾಸಿಲಿಯೊಗೆ ಹಸಿರಂಗಿಯವರ ಬೆಂಚಿನ ಪಕ್ಕಕ್ಕೇ ಜಾಗ ಸಿಕ್ಕಿತು. ನಡುವೆ ಒಂದು ತಂತಿಬಲೆ, ಅಷ್ಟೇ.

ಮೊದಲ ಎರಡು ಇನ್ನಿಂಗ್ಸ್ ಅವನು ರೇಡಿಯೊ ಕೇಳಿದ ಹಾಗೆ ಮೈದಾನವನ್ನೇ ನೋಡಿದ. ಮೂರನೆಯದರಲ್ಲಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಯೊಸ್ವಾನಿ ಪ್ರತಿ ಚೆಂಡಿಗೆ ಮುಂಚೆ ಬೆಂಚಿನ ಕಡೆ ಒಂದು ನೋಟ ಹಾಕುತ್ತಿದ್ದ. ಬೆನಾವಿದೆಸನ ಕಡೆಗಲ್ಲ. ಬೆಂಚಿನ ತುದಿಯಲ್ಲಿ ರೀಗೊ ಕೂತಿದ್ದ. ಅವನ ಎಡಗೈ ಒಮ್ಮೆ ಟೋಪಿಯ ಅಂಚು ಮುಟ್ಟುತ್ತಿತ್ತು, ಒಮ್ಮೆ ಮಂಡಿ, ಒಮ್ಮೆ ಕಿವಿ. ಟೋಪಿ ಮುಟ್ಟಿದರೆ ಚೆಂಡು ಬೆಂಕಿಯ ಹಾಗೆ ಹೋಗುತ್ತಿತ್ತು. ಕಿವಿಗೆ ಹೋದರೆ ಬಾಗುತ್ತಿತ್ತು. ಮಂಡಿಗೆ ಹೋದರೆ ನಿಧಾನ. ಬಾಸಿಲಿಯೊ ಹದಿನೈದು ಚೆಂಡು ಲೆಕ್ಕ ಹಾಕಿದ. ಹದಿನೈದಕ್ಕೆ ಹದಿನೈದೂ ಸರಿ. ಐದು ತಿಂಗಳು ಯೊಸ್ವಾನಿ ಎಂದು ಅವನು ಕೊಂಡಾಡಿದ್ದೆಲ್ಲ ಈ ಬೆಂಚಿನ ತುದಿಯಿಂದ ಹೊರಟದ್ದು. ಯಾವ ರೇಡಿಯೊ ಹೇಳಬೇಕು ಇದನ್ನು? ಯಾವ ಅಂಕಿಯಲ್ಲಿ ಇದು ಬರಬೇಕು?

ಏಳನೆಯದರಲ್ಲಿ ಒಂದೇ ಓಟದ ಮುನ್ನಡೆ ಇತ್ತು. ಎದುರಾಳಿಗಳು ಮೂರು ಬೇಸಿನಲ್ಲೂ ನಿಂತಿದ್ದರು, ಒಬ್ಬನೂ ಔಟಾಗಿರಲಿಲ್ಲ. ಹುಡುಗನ ಮುಖ ಬಿಳುಚಿತು. ಅವನನ್ನು ತೆಗೆಯಲೆಂದು ಬೆನಾವಿದೆಸ್ ಎದ್ದ. ರೀಗೊ ಅವನ ತೋಳು ಹಿಡಿದು ಕೂರಿಸಿದ. ತರಬೇತುದಾರ ಶಾಲೆಯ ಮಗುವಿನ ಹಾಗೆ ಕೂತ. ರೀಗೊನ ಕೈ ಮಂಡಿಗೆ ಹೋಯಿತು. ಮತ್ತೆ ಮಂಡಿಗೆ. ಮತ್ತೆ ಮಂಡಿಗೆ. ಜನ ಬೆಂಕಿ ಬೇಕು ಎಂದು ಕೂಗುತ್ತಿದ್ದರೆ ಹುಡುಗ ನಿಧಾನದ ಚೆಂಡು ಎಸೆಯುತ್ತಲೇ ಹೋದ. ಎದುರಾಳಿಗಳು ಚೆಂಡು ಬರುವ ಮುಂಚೆಯೇ ಬ್ಯಾಟು ಬೀಸಿ ಬೀಸಿ ಒಬ್ಬೊಬ್ಬರಾಗಿ ಮೂವರೂ ಹಿಂದಿರುಗಿದರು. ಮೈದಾನ ಎದ್ದು ನಿಂತಿತು. ಬಾಸಿಲಿಯೊ ಮಾತ್ರ ಏಳಲಿಲ್ಲ. ಬಾಯಿ ತೆರೆದುಕೊಂಡು ಕೂತಿದ್ದ, ಇಗರ್ಜಿಯಲ್ಲೂ ಅವನು ಹಾಗೆ ಕೂತವನಲ್ಲ.

ಹುಡುಗ ಓಡಿ ಬಂದು ಚೆಂಡನ್ನು ರೀಗೊನ ಕಡೆಗೆ ಮೆಲ್ಲಗೆ ಎಸೆದ. ರೀಗೊ ಬಲಗೈ ಒಡ್ಡಿದ. ಚೆಂಡು ಬೆರಳಿಗೆ ತಗಲಿ ಕೆಳಗೆ ಬಿತ್ತು. ಹಿಡಿಯಲು ಆ ಕೈಯಲ್ಲಿ ಶಕ್ತಿಯೇ ಉಳಿದಿರಲಿಲ್ಲ.

“ಈ ಕೈ ಮುಗೀತು ಕಣೋ,” ಎಂದ ರೀಗೊ, ಇಡೀ ಬೆಂಚಿಗೆ ಕೇಳಿಸುವ ಹಾಗೆ. ನಗುತ್ತಾ ಬಗ್ಗಿ ಎಡಗೈಯಲ್ಲಿ ಚೆಂಡು ಎತ್ತಿ, ಒರೆಸಿ, ಹುಡುಗನ ಕೈಗವಸಿನೊಳಗೆ ಇಟ್ಟ. “ಇನ್ನು ಎರಡೇ ಇನ್ನಿಂಗ್ಸ್. ಹೋಗಿ ನೀರು ಕುಡಿ.”

ಬಾಸಿಲಿಯೊ ತಂತಿಬಲೆ ಹಿಡಿದುಕೊಂಡ. ಆಮೇಲಿನ ಎರಡು ಇನ್ನಿಂಗ್ಸ್‌ನಲ್ಲಿ ಏನಾಯಿತೆಂದು ಅವನನ್ನು ಕೇಳಿ ಪ್ರಯೋಜನವಿಲ್ಲ; ಅವನ ಜೀವಮಾನದಲ್ಲಿ ನೆನಪಿಲ್ಲದ ಇನ್ನಿಂಗ್ಸ್ ಅವೆರಡೇ. ತಂಡ ಗೆದ್ದಿತು ಎನ್ನುವುದು ಲಾರಿಯಲ್ಲಿ ಹಾಡು ಶುರುವಾದಾಗ ತಿಳಿಯಿತು. ಬಿದ್ದದ್ದನ್ನು ಬಿತ್ತು ಎನ್ನಲು ರೀಗೊಗೆ, ತಾನು ಎತ್ತಿ ಆಡಿಸಿದ ಹುಡುಗನಿಗೆ, ಒಂದು ಕ್ಷಣವೂ ಬೇಕಾಗಲಿಲ್ಲ.

ಸೋಮವಾರ ಸೊಲೆದಾದ್ ಆಟದ ಪುಟವನ್ನೇ ಮೊದಲು ಓದಿದಳು. ಯೊಸ್ವಾನಿ ಒಂಟಿಯಾಗಿ ಗೆಲ್ಲಿಸಿದ, ಬೆನಾವಿದೆಸ್ ಅವನ ಮೇಲೆ ಭರವಸೆಯಿಟ್ಟ, ಮುಂದಿನ ಸುತ್ತಿಗೆ ರೀಗೊನನ್ನು ಪಟ್ಟಿಯಿಂದ ಕೈಬಿಡುವ ಮಾತಿದೆ. ಕತ್ತಿಗಳು ಹಲಗೆ ಕುಟ್ಟಿದವು. ಯಾರೋ ಕೂಗಿದರು: “ಬಾಸಿಲಿಯೊ ಹೇಳಿದ್ದೇ ಆಯ್ತಲ್ಲ!”

ಬಾಸಿಲಿಯೊ ಎದ್ದು ನಿಂತ. ಸುತ್ತುವವರು ಓದಿನ ಹೊತ್ತಲ್ಲಿ ಏಳುವ ಪದ್ಧತಿಯಿಲ್ಲ. ಕುಟ್ಟುವುದು ನಿಂತಿತು.

ನೋಡಿದ್ದನ್ನೆಲ್ಲ ಹೇಳಿದ. ಟೋಪಿ, ಕಿವಿ, ಮಂಡಿ. ತರಬೇತುದಾರನ ತೋಳು ಹಿಡಿದದ್ದು. ಪತ್ರಿಕೆ ಬರೆದವನು ಮೇಲಿನ ಎಲೆ ನೋಡಿದ್ದಾನೆ, ನಾನೂ ಅಷ್ಟೇ ನೋಡಿದೆ ಎಂದ. ಎರ್ಮಿನಿಯ ಎಲೆಯ ಮೇಲೆ ಕೈಯಿಟ್ಟುಕೊಂಡು ಅಲುಗಾಡದೆ ಕೇಳಿದಳು. ಅವಳು ಮಗನ ಆಟದ ಬಗ್ಗೆ ಕಣ್ಣಾರೆ ಕಂಡವರ ಬಾಯಿಂದ ಇಷ್ಟುದ್ದ ಕೇಳಿದ್ದು ಅದೇ ಮೊದಲು.

“ಇನ್ನೊಂದು,” ಎಂದ ಬಾಸಿಲಿಯೊ. ಮೇಸ್ತ್ರಿ ಬಾಗಿಲಲ್ಲೇ ಇದ್ದ. ಬಾಸಿಲಿಯೊ ಅವನ ಕಡೆ ತಿರುಗಿಯೇ ಹೇಳಿದ: “ಅವತ್ತು ಕತ್ತಿ ನಾನು ಬಿಟ್ಟಿದ್ದಲ್ಲ. ಜಾರಿತು. ಬೆರಳಿಗೆ ಜೋಮು ಹಿಡ್ದು ವರ್ಷ ಆಗ್ತಾ ಬಂತು. ಹೇಳೋಕೆ ನಾಚ್ಕೆ ಆಯ್ತು. ನನ್ನ ಕೈ ಮುಚ್ಚಿಕೊಳ್ಳೋಕೆ ಅವನ ಕೈನ ಬೈದೆ.”

ಅವನು ಕೂತ. ಮೇಸ್ತ್ರಿ ನೆಲ ನೋಡುತ್ತಿದ್ದ. ವಿಂಗಡಿಸುವ ಮೇಜಿಗೆ ಯಾವತ್ತು ಹೋಗಬೇಕೆಂದು ಅವನು ಹೇಳಲಿಲ್ಲ. ಹೇಳುವುದು ಬೇಕೂ ಇರಲಿಲ್ಲ.

ಎರ್ಮಿನಿಯ ಹಲಗೆಯಿಂದ ಕಣ್ಣೆತ್ತಲಿಲ್ಲ.

“ಜಾರಿದ್ದು ನಂಗೆ ಅವತ್ತೇ ಗೊತ್ತು,” ಎಂದಳು. “ಇಪ್ಪತ್ತೇಳು ವರ್ಷ ಆ ಕೈ ಪಕ್ಕ ಕೂತಿದೀನಿ, ಅಷ್ಟೂ ಗೊತ್ತಾಗಲ್ವಾ? ಜಾರಿತು ಅನ್ನೋ ಒಂದು ಮಾತಿಗೆ ನಿಂಗೆ ಐದು ತಿಂಗಳು ಬೇಕಾಯ್ತಲ್ಲ ಕಂಪಾದ್ರೆ, ಕಾಫಿ ನಿಲ್ಸಿದ್ದು ಅದಕ್ಕೆ.”

ಒಂಬತ್ತು ಹೊಡೆಯಿತು. ಅವಳು ಫ್ಲಾಸ್ಕ್ ತೆಗೆದು ಎರಡು ಲೋಟ ಇಟ್ಟಳು. ತನ್ನದನ್ನು ಎಂದಿನಂತೆ ತುಂಬಿದಳು. ಅವನದಕ್ಕೆ ಅರ್ಧ ಮಾತ್ರ ಹಾಕಿದಳು, ಜೋಮು ಹಿಡಿದ ಕೈಯಿಂದಲೂ ಚೆಲ್ಲದಷ್ಟು. ಬಾಸಿಲಿಯೊ ಅದನ್ನು ಎರಡೂ ಕೈಯಿಂದ ಎತ್ತಿ ಕುಡಿದು, ಮಿಕ್ಕ ಅರ್ಧವನ್ನು ಕೇಳಿ ಹಾಕಿಸಿಕೊಂಡ.